‘ಇರಲಿ ಬಿಡು’ ಎನ್ನುವ ಮೊದಲು

(ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದಂದು ಧಾರವಾಡದ ಶಿಕ್ಷಕರ ತರಬೇತಿ ಕಾಲೇಜೊಂದರಲ್ಲಿ ಬಿ.ಎಡ್. ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಾಳೆ ಶಿಕ್ಷಕರಾಗಲಿರುವ ನಿಮ್ಮೆದುರು ಅಂಗವಿಕಲ ವಿದ್ಯಾರ್ಥಿಗಳ ಬಗ್ಗೆ ಮಾತನಾಡಬೇಕೆಂದು ಕೇಳಿದಾಗ ನನಗೆ ತಕ್ಷಣ ನೆನಪಾದದ್ದು, ಹಾವೇರಿ ಮತ್ತು ಗದಗ ಜಿಲ್ಲೆಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಸಮಾಜ ವಿಜ್ಞಾನ ಕಲಿಸಿದ ನಾನು ತರಗತಿಯಲ್ಲಿ ಮತ್ತೆ ಮತ್ತೆ ಆಡಿದ ಎರಡು ಪದಗಳು: ‘ಇರಲಿ ಬಿಡು’. ಈ ಹೊತ್ತಿನ ನನ್ನ ಮಾತೆಲ್ಲ ಆ ಎರಡು ಪದಗಳ ಸುತ್ತಲೇ ಇದೆ. ಅಂಗವಿಕಲ ಮಕ್ಕಳನ್ನು ಹಂಗಿಸುವ, ಹೊಡೆಯುವ, ಶಾಲೆಗೆ ಸೇರಿಸಿಕೊಳ್ಳದೆ ಹಿಂದಕ್ಕೆ ಕಳಿಸುವ ಶಿಕ್ಷಕರು ಇದ್ದಾರೆ, ಅವರ ತಪ್ಪು ಎಲ್ಲರ ಕಣ್ಣಿಗೂ ಕಾಣುತ್ತದೆ. ಆದರೆ ಒಳ್ಳೆಯ ಮನಸ್ಸಿನ ಶಿಕ್ಷಕರು ಕನಿಕರದಿಂದಲೇ ಮಾಡುವ ತಪ್ಪು ಒಂದಿದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಮಾಡಿದವರ ಕಣ್ಣಿಗಂತೂ ಬೀಳುವುದೇ ಇಲ್ಲ.

ಹಾವೇರಿ ತಾಲ್ಲೂಕಿನ ಒಂದು ಶಾಲೆಯಲ್ಲಿ ನನ್ನ ಎಂಟನೆಯ ತರಗತಿಯಲ್ಲಿ ಮಂದದೃಷ್ಟಿಯ ಹುಡುಗನೊಬ್ಬನಿದ್ದ. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ತಲೆಯನ್ನು ಒಂದು ಬದಿಗೆ ವಾಲಿಸಿ, ಸಾಲಿನಿಂದ ಸಾಲಿಗೆ ನಿಧಾನವಾಗಿ ಓದುತ್ತಿದ್ದ. ನಕಾಶೆ ತುಂಬುವ ಪಾಠ ಬಂದಾಗಲೆಲ್ಲ ನಾನು ಅವನ ಬೆನ್ನು ತಟ್ಟಿ, ‘ನಿನಗ ಇರಲಿ ಬಿಡಪಾ, ಕಣ್ಣಿಗೆ ತ್ರಾಸ ಮಾಡ್ಕೋಬ್ಯಾಡ’ ಎನ್ನುತ್ತಿದ್ದೆ. ಉಳಿದವರು ನದಿಗಳಿಗೆ ನೀಲಿ ಬಣ್ಣ ಹಚ್ಚುತ್ತಿರುವಾಗ ಅವನು ಕೈ ಕಟ್ಟಿಕೊಂಡು 40 ನಿಮಿಷ ಸುಮ್ಮನೆ ಕುಳಿತಿರುತ್ತಿದ್ದ, ಕಿರುಪರೀಕ್ಷೆಯಲ್ಲಿ ನಕಾಶೆಯ ಅಂಕಗಳನ್ನು ನಾನು ಅವನಿಗೆ ಹಾಗೆಯೇ ಹಾಕಿಕೊಡುತ್ತಿದ್ದೆ, ಮತ್ತು ಅವನಿಗೆ ಉಪಕಾರ ಮಾಡಿದೆನೆಂಬ ಸಮಾಧಾನದಲ್ಲಿ ಮನೆಗೆ ಹೋಗುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ಹಾವೇರಿ ಬಸ್ ನಿಲ್ದಾಣದಲ್ಲಿ ಅವನು ನನ್ನ ದನಿಯಿಂದಲೇ ನನ್ನನ್ನು ಗುರುತಿಸಿ ಮಾತನಾಡಿಸಿದ. ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆಂದು ಧಾರವಾಡಕ್ಕೆ ಹೊರಟಿದ್ದ. ಯಾವ ವಿಷಯ ಕಷ್ಟವಾಗುತ್ತಿದೆ ಎಂದು ಕೇಳಿದ್ದಕ್ಕೆ ಭೂಗೋಳ ಎಂದ, ಸ್ವಲ್ಪ ಹೊತ್ತು ಬಿಟ್ಟು, ‘ಅಕ್ಕೋರ, ವರದಾ ಹೊಳಿ ನಮ್ಮೂರ ಮುಂದ ಹರೀತದ. ಅದು ಎಲ್ಲಿಂದ ಬರತದ, ಎಲ್ಲಿಗೆ ಹೋಗತದ ಅನ್ನೂದು ನನಗ ಯಾರೂ ತೋರಿಸಲೇ ಇಲ್ರಿ’ ಎಂದ. ಸಿಟ್ಟಿನಿಂದ ಆಡಿದ ಮಾತಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆ ‘ಯಾರೂ’ ಎಂಬುದರಲ್ಲಿ ಮೊದಲನೆಯವಳು ನಾನು.

ಇದಾದ ಮೇಲೆ ಗದಗ ಜಿಲ್ಲೆಯ ಶಾಲೆಯೊಂದಕ್ಕೆ ನನಗೆ ವರ್ಗವಾಯಿತು. ಅಲ್ಲಿ ಪೂರ್ಣ ಅಂಧಳಾದ ಹುಡುಗಿಯೊಬ್ಬಳು ಎಂಟನೆಯ ತರಗತಿಗೆ ಸೇರಿದಳು. ಈ ಸಲ ನಾನು ‘ಇರಲಿ ಬಿಡು’ ಎನ್ನದೆ, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ನಮ್ಮ ಬಿಆರ್‌ಸಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇದ್ದ ಸಂಪನ್ಮೂಲ ಶಿಕ್ಷಕರನ್ನು ಹುಡುಕಿಕೊಂಡು ಹೋದೆ. ಅವರು ಹೇಳಿಕೊಟ್ಟಂತೆ ಕಿರಾಣಿ ಅಂಗಡಿಯಿಂದ ತಂದ ರಟ್ಟಿನ ಮೇಲೆ ಕರ್ನಾಟಕದ ಗಡಿಗೆ ದಪ್ಪ ಹುರಿಯನ್ನೂ ನದಿಗಳಿಗೆ ತೆಳು ದಾರವನ್ನೂ ಫೆವಿಕಾಲ್ ಹಾಕಿ ಅಂಟಿಸಿದೆವು. ಪಶ್ಚಿಮ ಘಟ್ಟಕ್ಕೆ ಬಡಿಗೇರರು ಬಳಸುವ ಉಪ್ಪುಕಾಗದದ ಪಟ್ಟಿ, ಊರುಗಳಿಗೆ ಜೋಳದ ಕಾಳು. ಮೊದಲ ನಕಾಶೆ ಪೂರ್ತಿ ಕೆಟ್ಟಿತು, ಏಕೆಂದರೆ ನಾನು ನದಿ, ಜಿಲ್ಲೆ, ಊರು, ರೈಲು ಮಾರ್ಗ ಎಲ್ಲವನ್ನೂ ಒಂದೇ ರಟ್ಟಿನ ಮೇಲೆ ತುಂಬಿದ್ದೆ, ಅವಳ ಬೆರಳು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ದಾರಿ ತಪ್ಪುತ್ತಿತ್ತು. ಕಣ್ಣು ಇಡೀ ಹಾಳೆಯನ್ನು ಒಂದೇ ಸಲ ನೋಡಿ ಆಮೇಲೆ ಒಂದೊಂದನ್ನು ಬಿಡಿಸಿಕೊಳ್ಳುತ್ತದೆ, ಬೆರಳು ಮಾತ್ರ ಒಂದೊಂದನ್ನೇ ಮುಟ್ಟುತ್ತಾ ಹೋಗಿ ಕೊನೆಗೆ ಇಡಿಯನ್ನು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಬೆರಳಿಗೆ ಕೊಡುವ ನಕಾಶೆಯಲ್ಲಿ ಒಂದು ಹಾಳೆಗೆ ಒಂದೇ ಸಂಗತಿ ಇರಬೇಕೆಂದು ಆ ಸಂಪನ್ಮೂಲ ಶಿಕ್ಷಕರು ತಿಳಿಸಿದರು. ಎರಡನೆಯ ಸಲ ಬರೀ ನದಿಗಳು. ಮೊದಲು ಎರಡೂ ಅಂಗೈಗಳಿಂದ ರಾಜ್ಯದ ಗಡಿಯನ್ನು ಸುತ್ತು ಹಾಕಿಸಿ, ಆಮೇಲೆ ಅವಳ ತೋರುಬೆರಳನ್ನು ಸಾಗರದ ಹತ್ತಿರದ ವರದಾಮೂಲದಲ್ಲಿ ಇಡಿಸಿದೆ. ಬೆರಳು ದಾರದ ಗುಂಟ ಬನವಾಸಿಯನ್ನು ಬಳಸಿ, ಹಾನಗಲ್ಲ ಸೀಮೆಯನ್ನು ದಾಟಿ, ಗಳಗನಾಥದ ಹತ್ತಿರ ತುಂಗಭದ್ರೆಯ ದಪ್ಪ ದಾರಕ್ಕೆ ಬಿದ್ದಿದ್ದ ಗಂಟನ್ನು ಮುಟ್ಟಿ ನಿಂತಿತು. ‘ಕೂಡಿತೇನ್ರಿ ಅಕ್ಕೋರ?’ ಎಂದು ಕೇಳಿದಳು. ಕೂಡಿತು ಎಂದೆ. ಬೆರಳನ್ನು ಹಿಂದಕ್ಕೆ ಒಯ್ದು, ಮತ್ತೊಮ್ಮೆ ಮೊದಲಿನಿಂದ ಬಂದು, ಆ ಗಂಟಿನ ಮೇಲೆ ಬಹಳ ಹೊತ್ತು ಇಟ್ಟುಕೊಂಡಿದ್ದಳು. ಆ ವಾರ ತರಗತಿಯ ಉಳಿದ ಮಕ್ಕಳೂ ಕಣ್ಣು ಮುಚ್ಚಿಕೊಂಡು ಅದೇ ನಕಾಶೆಯನ್ನು ಮುಟ್ಟಿ ನದಿಗಳ ಹೆಸರು ಹೇಳುವ ಆಟ ಹೂಡಿದರು, ಮತ್ತು ಬಣ್ಣ ಹಚ್ಚಿ ಕಲಿತವರಿಗಿಂತ ಬೇಗ ಕಲಿತರು.

ಈ ಎರಡು ಮಕ್ಕಳ ನಡುವಿನ ವ್ಯತ್ಯಾಸ ಅವರ ದೃಷ್ಟಿಯಲ್ಲಿ ಇರಲಿಲ್ಲ. ಆ ಹುಡುಗನಿಗೆ ಈ ಹುಡುಗಿಗಿಂತ ಎಷ್ಟೋ ಹೆಚ್ಚು ಕಾಣುತ್ತಿತ್ತು. ಒಬ್ಬನಿಗೆ ನಾನು ಕೆಲಸದಿಂದ ವಿನಾಯಿತಿ ಕೊಟ್ಟೆ, ಇನ್ನೊಬ್ಬಳಿಗೆ ಕೆಲಸ ಮಾಡುವ ದಾರಿ ಕೊಟ್ಟೆ. ಗೌರವ ಎಂಬ ಪದವನ್ನು ನಾವು ಇಂಥ ದಿನಾಚರಣೆಗಳಲ್ಲಿ ಧಾರಾಳವಾಗಿ ಬಳಸುತ್ತೇವೆ, ಆದರೆ ಶಾಲೆಯ ಮಟ್ಟಿಗೆ ಅದಕ್ಕೆ ಬಹಳ ಸರಳವಾದ ಅರ್ಥವಿದೆ ಎಂದು ನಾನು ತಿಳಿದಿದ್ದೇನೆ: ಈ ಮಗು ಕಲಿಯುತ್ತದೆ ಎಂದು ನಂಬಿ ಅದರಿಂದ ಕೆಲಸವನ್ನು ನಿರೀಕ್ಷಿಸುವುದು, ಆ ಕೆಲಸಕ್ಕೆ ಬೇಕಾದ ಸಲಕರಣೆಯನ್ನು ಒದಗಿಸುವ ಹೊಣೆ ತನ್ನದೆಂದು ಒಪ್ಪಿಕೊಳ್ಳುವುದು.

ಇದನ್ನು ನಮ್ಮ ಕಾನೂನೂ ಹೇಳುತ್ತದೆ. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಅದರ ಜಾಗದಲ್ಲಿ ಬಂದ, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ. ಕುರುಡು, ಕಿವುಡು, ಕೈಕಾಲಿನ ಊನ ಇವಷ್ಟೇ ನಮ್ಮ ಮನಸ್ಸಿನಲ್ಲಿರುತ್ತವೆ. ಆ ಪಟ್ಟಿಯಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಥಲಸ್ಸೀಮಿಯಾ, ಹಿಮೋಫೀಲಿಯಾ, ಆ್ಯಸಿಡ್ ದಾಳಿಗೆ ತುತ್ತಾದವರು ಕೂಡ ಇದ್ದಾರೆ. ಅಂದರೆ ನಿಮ್ಮ ತರಗತಿಯಲ್ಲಿ ಅಂಗವಿಕಲ ಮಗು ಯಾರೂ ಇಲ್ಲವೆಂದು ಹಾಜರಿ ಪುಸ್ತಕ ನೋಡಿ ಹೇಳಲು ಬರುವುದಿಲ್ಲ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ ಅಥವಾ ತಾನು ಬಯಸುವ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದಷ್ಟು ಸೀಟುಗಳ ಮೀಸಲಾತಿ ಇದೆ. ಆದರೆ ಶಿಕ್ಷಕರಾದ ನಾವು ಬಾಯಿಪಾಠ ಮಾಡಿಕೊಳ್ಳಬೇಕಾದದ್ದು ಇನ್ನೊಂದು ಅಂಶ. ಒಬ್ಬ ವಿದ್ಯಾರ್ಥಿಗೆ ಉಳಿದವರ ಸಮವಾಗಿ ಕಲಿಯಲು ಬೇಕಾಗುವ, ಸಂಸ್ಥೆಗೆ ಮಿತಿಮೀರಿದ ಹೊರೆಯಾಗದ ಮಾರ್ಪಾಡನ್ನು ಮಾಡಿಕೊಡಲು ನಿರಾಕರಿಸಿದರೆ ಆ ನಿರಾಕರಣೆಯನ್ನೇ ಈ ಕಾಯ್ದೆ ತಾರತಮ್ಯವೆಂದು ಪರಿಗಣಿಸುತ್ತದೆ. ಬರೆಯಲು ಹೊರಟರೆ ಕೈ ಬಿಗಿದುಕೊಳ್ಳುವ ತೊಂದರೆಯಿದ್ದ ವಿಕಾಶ್ ಕುಮಾರ್ ಎಂಬ ಅಭ್ಯರ್ಥಿಗೆ, ಶೇ. 40ರ ಪ್ರಮಾಣ ಮುಟ್ಟಿಲ್ಲವೆಂದು ಕೇಂದ್ರ ಲೋಕಸೇವಾ ಆಯೋಗ ಸ್ಕ್ರೈಬ್, ಅಂದರೆ ಉತ್ತರ ಬರೆದುಕೊಡುವ ಸಹಾಯಕರನ್ನು ನಿರಾಕರಿಸಿದ ಪ್ರಕರಣದಲ್ಲಿ, 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಅಭ್ಯರ್ಥಿಯ ಪರವಾಗಿ ತೀರ್ಪು ಕೊಟ್ಟಿತು. ಸೌಲಭ್ಯವನ್ನು ತೀರ್ಮಾನಿಸುವುದು ವ್ಯಕ್ತಿಯ ನಿಜವಾದ ಅಗತ್ಯವೇ ಹೊರತು ಶೇಕಡಾವಾರು ಗೆರೆ ಒಂದೇ ಅಲ್ಲ ಎಂಬುದು ಅದರ ತಿರುಳು. ಮರುವರ್ಷವೇ ಶೇ. 40ಕ್ಕಿಂತ ಕಡಿಮೆ ವೈಕಲ್ಯವಿರುವ, ಆದರೆ ಬರೆಯಲು ಕಷ್ಟಪಡುವ ಅಭ್ಯರ್ಥಿಗಳಿಗಾಗಿ ಕೇಂದ್ರ ಸರ್ಕಾರ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು.

ಕಾನೂನು ಬರುವುದಕ್ಕೆ ಬಹಳ ಮೊದಲೇ ನಮ್ಮ ಭಾಗದಲ್ಲಿ ಇದನ್ನು ಮಾಡಿ ತೋರಿಸಿದವರಿದ್ದಾರೆ. 1892ರಲ್ಲಿ ಹಾನಗಲ್ಲ ತಾಲ್ಲೂಕಿನಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳು ಹುಟ್ಟು ಅಂಧರು. ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ, ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳಿಗೆ ವಿದ್ಯೆ ಕೊಟ್ಟರು. ಶಿಶುವಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು 1944ರಲ್ಲಿ ಗುರುಗಳು ಲಿಂಗೈಕ್ಯರಾದ ಬಳಿಕ 2010ರವರೆಗೆ ಆ ಆಶ್ರಮವನ್ನು ನಡೆಸಿದರು. ಅವರ ಹೆಸರು ಹೇಳದೆ ಗದಗ ಸೀಮೆಯಲ್ಲಿ ಯಾರೂ ಅಂಧರ ಶಿಕ್ಷಣದ ಮಾತೆತ್ತುವುದಿಲ್ಲ, ಅದು ಸರಿಯೂ ಹೌದು. ಆದರೆ ಅವರನ್ನು ಪವಾಡಪುರುಷರೆಂದು ಕೈ ಮುಗಿದು ಮುಂದೆ ಹೋಗಿಬಿಟ್ಟರೆ ಶಿಕ್ಷಕರಾಗಿ ನಾವು ಕಲಿಯಬೇಕಾದದ್ದನ್ನು ಬಿಟ್ಟುಬಿಡುತ್ತೇವೆ. ಅಲ್ಲಿ ಶಿಷ್ಯನ ಸ್ವರ ತಪ್ಪಿದರೆ ತಿದ್ದುತ್ತಿದ್ದರು. ಕಣ್ಣಿಲ್ಲವೆಂದು ಶ್ರುತಿಯಲ್ಲಿ ರಿಯಾಯಿತಿ ಕೊಡುವುದು ಸಂಗೀತದಲ್ಲಿ ಸಾಧ್ಯವೇ ಇಲ್ಲ. ಕಣ್ಣಿರುವ, ಮುಂದೆ ದೊಡ್ಡ ಹಿಂದೂಸ್ತಾನಿ ಗಾಯಕರಾದ ಬಸವರಾಜ ರಾಜಗುರುಗಳಂಥವರೂ ಅಂಧ ಗುರುಗಳ ಬಳಿ ಕುಳಿತು ಅದೇ ತಾಲೀಮು ಪಡೆದರು. ಕಷ್ಟದ ಸಾಧನೆಯನ್ನು ಕೇಳುವ ಧೈರ್ಯ, ಅದನ್ನು ಸಾಧಿಸಲು ಬೇಕಾದ ಸಮಯ ಮತ್ತು ಸಂಗಾತ ಕೊಡುವ ತಾಳ್ಮೆ, ಇವೆರಡೂ ಅಲ್ಲಿ ಒಟ್ಟಿಗೆ ಇದ್ದವು.

ಇದೇ ಹೆಮ್ಮೆ ನಮ್ಮಲ್ಲಿ ಒಂದು ಕೆಟ್ಟ ರೂಢಿಯನ್ನೂ ಬೆಳೆಸಿದೆ ಎಂದು ಹೇಳದೆ ಇರಲಾರೆ. ಅಂಧ ಮಗು ಹುಟ್ಟಿತೆಂದರೆ ಊರ ಹಿರಿಯರು, ‘ಹಾಡು ಕಲೀಲಿ ಬಿಡ್ರಿ’ ಎನ್ನುತ್ತಾರೆ. ಹಾಡಿನಲ್ಲಿ ಆಸಕ್ತಿಯಿರುವ ಮಗುವಿಗೆ ಅದು ಭಾಗ್ಯ. ಲೆಕ್ಕದಲ್ಲಿ ಆಸಕ್ತಿಯಿರುವ ಮಗುವಿಗೆ ಅದೂ ಒಂದು ‘ಇರಲಿ ಬಿಡು’. ಅಂಧ ವಿದ್ಯಾರ್ಥಿಗಳಿಗೆ ಗಣಿತವನ್ನು ಬಿಡಿಸಿ ಬೇರೆ ವಿಷಯ ಕೊಡಿಸುವುದು ಎಷ್ಟು ಸಲೀಸಾಗಿ ನಡೆಯುತ್ತದೆಂದರೆ, ಹದಿಮೂರು ವರ್ಷದ ಮಗುವಿನ ಮುಂದೆ ವಾಣಿಜ್ಯ, ಅರ್ಥಶಾಸ್ತ್ರ, ಕಂಪ್ಯೂಟರ್ ಎಂಬ ಮೂರು ಬಾಗಿಲುಗಳು ಅಂದೇ ಅರ್ಧ ಮುಚ್ಚಿಹೋದದ್ದನ್ನು ಯಾರೂ ಗಮನಿಸುವುದಿಲ್ಲ. ನೀವು ಗಣಿತ ಶಿಕ್ಷಕರಾಗುವವರಾದರೆ ಟೇಲರ್ ಫ್ರೇಮ್ ಎಂಬ ಸಲಕರಣೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಎಂಟು ಮೂಲೆಯ ತೂತುಗಳಿರುವ ಹಲಗೆ ಅದು. ಅದರಲ್ಲಿ ನಿಲ್ಲಿಸುವ ಸಣ್ಣ ಮೊಳೆಯ ಒಂದು ತುದಿಯಲ್ಲಿ ಗೆರೆಯಂಥ ಏಣು, ಇನ್ನೊಂದು ತುದಿಯಲ್ಲಿ ಎರಡು ಚುಕ್ಕೆಗಳು. ಮೊಳೆಯನ್ನು ಎಂಟು ದಿಕ್ಕಿಗೆ ತಿರುಗಿಸಿ ನಿಲ್ಲಿಸಬಹುದಾದ್ದರಿಂದ ಎರಡೂ ತುದಿ ಸೇರಿ 16 ಗುರುತುಗಳಾಗುತ್ತವೆ, ಅಂಕಿಗಳಿಗೂ ಕೂಡು-ಕಳೆ ಚಿಹ್ನೆಗಳಿಗೂ ಅಷ್ಟು ಸಾಕು. ಕೂಡಿಸುವ ಲೆಕ್ಕವನ್ನು ನೀವು ಹಲಗೆಯ ಮೇಲೆ ಬಿಡಿ, ಹತ್ತು, ನೂರರ ಸ್ಥಾನಗಳಲ್ಲಿ ಒಂದರ ಕೆಳಗೊಂದು ಬರೆದಂತೆಯೇ ಆ ಮಗು ಮೊಳೆಗಳನ್ನು ಒಂದರ ಕೆಳಗೊಂದು ನಿಲ್ಲಿಸುತ್ತದೆ. ಬ್ರೈಲ್ ಬರವಣಿಗೆಯೂ ಹಾಗೆಯೇ, ನೋಡಿದರೆ ತಿಳಿಯುವಂಥದು: ಆರು ಚುಕ್ಕೆಗಳ ಮನೆ, ಭಾರತೀಯ ಭಾಷೆಗಳಿಗೆಲ್ಲ 1951ರಿಂದ ಒಂದೇ ಭಾರತಿ ಬ್ರೈಲ್, ಸ್ಲೇಟ್ ಎಂಬ ಚೌಕಟ್ಟಿಗೆ ಹಾಳೆ ಸಿಕ್ಕಿಸಿ ಮೊನೆಯಿಂದ ಬಲದಿಂದ ಎಡಕ್ಕೆ ಚುಚ್ಚಿ, ಹಾಳೆಯನ್ನು ಮಗುಚಿ, ಉಬ್ಬಿದ ಚುಕ್ಕೆಗಳನ್ನು ಎಡದಿಂದ ಬಲಕ್ಕೆ ಓದುವುದು. ಬರೆಯುವಾಗ ಅಕ್ಷರವನ್ನು ಕನ್ನಡಿಯೊಳಗಿನಂತೆ ಮನಸ್ಸಿನಲ್ಲಿ ತಿರುಗಿಸಿಕೊಳ್ಳುವ ಈ ಕೆಲಸವನ್ನು ದಿನವೂ ಮಾಡುವ ಮಗುವಿಗೆ ರೇಖಾಗಣಿತ ಅರ್ಥವಾಗದೆಂದು ನಾವು ಹೇಗೆ ತೀರ್ಮಾನಿಸುತ್ತೇವೆ?

ಈಗ ಮೊಬೈಲ್ ಫೋನಿನಲ್ಲೇ ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವಿದೆ, ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದು ಕನ್ನಡವನ್ನೂ ಓದುತ್ತದೆ. ಇಲ್ಲಿ ಕನ್ನಡ ಶಿಕ್ಷಕರಿಗೆ ಒಂದು ವಿಶೇಷ ಕೋರಿಕೆ. ನಮ್ಮ ಶಾಲೆ ಕಾಲೇಜುಗಳಲ್ಲಿ ಟಿಪ್ಪಣಿ ಮತ್ತು ಪ್ರಶ್ನೆಪತ್ರಿಕೆಗಳನ್ನು ಇವತ್ತಿಗೂ ಎಷ್ಟೋ ಜನ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿಸುತ್ತಾರೆ. ಆ ಫಾಂಟುಗಳಲ್ಲಿ ನಮ್ಮ ಕಣ್ಣಿಗೆ ‘ಕನ್ನಡ’ ಎಂದು ಕಂಡರೂ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಓದುವ ತಂತ್ರಾಂಶ ಆ ಸಂಕೇತಗಳನ್ನೇ ಒದರುತ್ತದೆ, ಅಂಧ ವಿದ್ಯಾರ್ಥಿಗೆ ಒಂದು ಪದವೂ ಸಿಗುವುದಿಲ್ಲ. ಮುದ್ರಿತ ಪುಟದ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೂ ಅದೇ ಪಾಡು. ಅದೇ ಪಾಠವನ್ನು, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಒಂದು ಪೈಸೆಯ ಹೆಚ್ಚಿನ ಖರ್ಚಿಲ್ಲದೆ ಆ ವಿದ್ಯಾರ್ಥಿ ರಾತ್ರಿ ತನ್ನ ಮನೆಯಲ್ಲಿ, ಯಾರ ಹಂಗೂ ಇಲ್ಲದೆ, ಕೇಳಿ ಓದಿಕೊಳ್ಳುತ್ತಾನೆ. ನಾನು ನಿವೃತ್ತಿಯ ಎರಡು ವರ್ಷ ಮುಂಚೆಯಷ್ಟೇ ಇದನ್ನು ಕಲಿತೆ. ಅದಕ್ಕಿಂತ ಹಿಂದಿನ ನನ್ನ ಟಿಪ್ಪಣಿಗಳೆಲ್ಲ ಕೆಲವು ಮಕ್ಕಳ ಪಾಲಿಗೆ ಖಾಲಿ ಹಾಳೆಗಳಾಗಿದ್ದವು.

ಕಿವಿಯ ಮಾತಿಗೆ ಬರುತ್ತೇನೆ. ನಮ್ಮ ಹಳ್ಳಿಗಳಲ್ಲಿ ಕಿವಿ ಸೋರುವ ಮಕ್ಕಳು ಬಹಳ. ಮನೆಯಲ್ಲಿ ಬಿಸಿ ಎಣ್ಣೆ ಬಿಟ್ಟು ಅರಳೆ ತುರುಕುತ್ತಾರೆ, ವರ್ಷಗಳ ಮೇಲೆ ಅರೆ ಕಿವುಡುತನ ಬಂದಿರುತ್ತದೆ, ಶಾಲೆಯಲ್ಲಿ ಆ ಮಗುವಿಗೆ ದಡ್ಡ, ಮಂದ, ಲಕ್ಷ್ಯವಿಲ್ಲದವನು ಎಂಬ ಹೆಸರು ಬಿದ್ದಿರುತ್ತದೆ. ಕರೆದರೆ ಒಂದೇ ಬದಿಗೆ ತಿರುಗುವ, ಪ್ರಶ್ನೆಗೆ ಉತ್ತರಿಸುವ ಮೊದಲು ಪಕ್ಕದವನ ಮುಖ ನೋಡುವ ಮಗುವನ್ನು ಬೈಯುವ ಮುನ್ನ ಕಿವಿ ತೋರಿಸಲು ಆಸ್ಪತ್ರೆಗೆ ಕಳಿಸಿ. ಇನ್ನು ತುಟಿ ನೋಡಿ ತಿಳಿದುಕೊಳ್ಳುವ ಮಗುವಿಗೆ ‘ನನ್ನ ಬಾಯಿ ನೋಡು, ತಿಳೀತದ’ ಎಂದುಬಿಟ್ಟರೆ ನಮ್ಮ ಕೆಲಸ ಮುಗಿಯುವುದಿಲ್ಲ. ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ‘ಮಾವ’ ಎನ್ನಿ, ಆಮೇಲೆ ‘ಬಾವ’ ಎನ್ನಿ. ತುಟಿಗಳ ಮೇಲೆ ಎರಡೂ ಒಂದೇ. ಪ, ಬ, ಮ ಈ ಮೂರನ್ನೂ ತುಟಿ ಒಂದೇ ರೀತಿ ಮುಚ್ಚಿ ತೆರೆದು ಹೇಳುತ್ತದೆ. ಕ, ಗ ಗಂಟಲ ಹತ್ತಿರ ಹುಟ್ಟುವುದರಿಂದ ಹೊರಗೆ ಕಾಣುವುದೇ ಇಲ್ಲ. ಆ ಮಗು ಅರ್ಧ ನೋಡಿ, ಅರ್ಧ ಊಹಿಸಿ ಪಾಠ ಕೇಳುತ್ತಿರುತ್ತದೆ, ಆದ್ದರಿಂದಲೇ ಮಧ್ಯಾಹ್ನದ ಹೊತ್ತಿಗೆ ಉಳಿದವರಿಗಿಂತ ಬೇಗ ದಣಿಯುತ್ತದೆ. ನಾವು ಹಲಗೆಯ ಕಡೆ ಮುಖ ಮಾಡಿ ಬರೆಯುತ್ತಾ ಮಾತನಾಡಿದರೆ ಆ ಅರ್ಧವೂ ಹೋಯಿತು. ಬರೆದು ಮುಗಿಸಿ, ತಿರುಗಿ ನಿಂತು ಮಾತನಾಡುವುದು ರೂಢಿಯಾಗಲು ನನಗೆ ಒಂದು ತಿಂಗಳು ಹಿಡಿಯಿತು. ಶ್ರವಣಯಂತ್ರ ಹಾಕಿದ ಕೂಡಲೇ ಎಲ್ಲ ಸರಿಹೋಯಿತೆಂದೂ ತಿಳಿಯಬೇಡಿ. ಅದು ನಿಮ್ಮ ಮಾತಿನ ಜೊತೆಗೆ ಬೆಂಚು ಎಳೆಯುವ ಸದ್ದನ್ನೂ ತಗಡಿನ ಮೇಲಿನ ಮಳೆಯನ್ನೂ ದೊಡ್ಡದು ಮಾಡುತ್ತದೆ. ಸನ್ನೆ ಭಾಷೆಯಲ್ಲೇ ಬೆಳೆದ ಮಕ್ಕಳಿಗೆ ಅದು ಪೂರ್ಣ ಭಾಷೆ, ತನ್ನದೇ ವ್ಯಾಕರಣವಿರುವ ಭಾಷೆ. ಇಪ್ಪತ್ತು ಸನ್ನೆಗಳನ್ನಾದರೂ ನೀವು ಕಲಿತರೆ ಆ ಮಗುವಿನ ಮುಖ ಅರಳುವುದನ್ನು ನೀವೇ ನೋಡುತ್ತೀರಿ.

ಕಾಣದಿರುವ ತೊಂದರೆಗಳಲ್ಲಿ ಓದು ಬರಹದ ತೊಂದರೆ ದೊಡ್ಡದು. ಬಾಯಿಯಲ್ಲಿ ಕೇಳಿದರೆ ಸರಿಯಾಗಿ ಉತ್ತರಿಸುವ, ಹಾಳೆಯ ಮೇಲೆ ಬರೆಯಲು ಕೊಟ್ಟರೆ ಬೆವರುವ ಮಕ್ಕಳನ್ನು ನೀವು ಪ್ರತಿ ಶಾಲೆಯಲ್ಲೂ ಕಾಣುತ್ತೀರಿ. ಕನ್ನಡ ನುಡಿದಂತೆ ಬರೆಯುವ ಭಾಷೆ, ಆದ್ದರಿಂದ ಇಲ್ಲಿ ಅಂಥ ಕಷ್ಟವಿಲ್ಲ ಎಂದು ಕೆಲವರು ವಾದಿಸುತ್ತಾರೆ. ‘ಸೂರ್ಯ’ ಎಂಬ ಪದವನ್ನು ಅರ್ಕಾವೊತ್ತು ಹಾಕಿ ಬರೆಯುವುದನ್ನು ನಿಧಾನವಾಗಿ ಗಮನಿಸಿ: ಬಾಯಿ ಮೊದಲು ‘ರ್’ ಎನ್ನುತ್ತದೆ, ಕೈ ಮೊದಲು ‘ಯ’ ಬರೆಯುತ್ತದೆ. ಒತ್ತಕ್ಷರಕ್ಕೆ ಸಾಲಿನ ಕೆಳಗೆ ಇಳಿಯಬೇಕು, ಗುಡಿಸಿಗೆ ಮೇಲೆ ಏರಬೇಕು, ದೀರ್ಘಕ್ಕೆ ಬಲಕ್ಕೆ ಹೋಗಬೇಕು. ನಮಗೆ ಇದೆಲ್ಲ ರಕ್ತಗತವಾಗಿದೆ. ಕಲಿಕಾ ನ್ಯೂನತೆಯಿರುವ ಮಗುವಿಗೆ ಪ್ರತಿ ಪದವೂ ಒಂದು ಗಂಟು. ಅಂಥ ಮಗುವನ್ನು ಏಕಾಏಕಿ ಎಬ್ಬಿಸಿ ತರಗತಿಯ ಮುಂದೆ ಗಟ್ಟಿಯಾಗಿ ಓದಿಸಬೇಡಿ, ಓದಿಸಲೇಬೇಕಾದರೆ ಹಿಂದಿನ ದಿನವೇ ಆ ಭಾಗವನ್ನು ಹೇಳಿ ಕಳಿಸಿ. ಸಮಾಜ ವಿಜ್ಞಾನದ ಉತ್ತರದಲ್ಲಿ ಕಾಗುಣಿತಕ್ಕೆ ಅಂಕ ಕಳೆಯಬೇಡಿ. ಜೊತೆಗೆ ಇನ್ನೊಂದು ಎಚ್ಚರ ಬೇಕು: ನಮ್ಮ ಕಡೆಯ ಮಗು ‘ಮನೆ’ಗೆ ‘ಮನಿ’ ಎಂದು ಬರೆದರೆ ಅದು ತನ್ನ ತಾಯಿಯ ಮಾತನ್ನು ಬರೆಯುತ್ತಿದೆ, ಅದಕ್ಕೆ ಯಾವ ನ್ಯೂನತೆಯೂ ಇಲ್ಲ.

ಪರೀಕ್ಷೆಯಲ್ಲಿ ಇಂಥವರಿಗೆಲ್ಲ ಸಿಗುವ ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷಕ್ಕಿಂತ ಕಡಿಮೆಯಿರಬಾರದೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತು, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಇದನ್ನು ಕೊಠಡಿಯ ಮೇಲ್ವಿಚಾರಕರು ಔದಾರ್ಯದಿಂದ ಕೊಡುವ ಸಮಯವೆಂಬಂತೆ ನಡೆದುಕೊಂಡು, ಕೊನೆಯ ಗಂಟೆಯುದ್ದಕ್ಕೂ ಗಡಿಯಾರ ನೋಡುತ್ತಾ ನಿಟ್ಟುಸಿರು ಬಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮಗುವಿಗೆ ಆ ನಿಟ್ಟುಸಿರು ಕೇಳಿಸುತ್ತದೆ.

ಶೌಚಾಲಯದ ಬಗ್ಗೆ ಹೇಳದೆ ಈ ಉಪನ್ಯಾಸವನ್ನು ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ಒಂದು ಶಾಲೆಯಲ್ಲಿ ಗಾಲಿಕುರ್ಚಿಯಲ್ಲಿ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿ ಬಿಸಿಯೂಟ ಮಾಡಿದ ಮೇಲೂ ನೀರು ಕುಡಿಯುತ್ತಿರಲಿಲ್ಲ. ಬೇಸಿಗೆಯ ದಿನ, ತುಟಿ ಒಣಗಿತ್ತು. ‘ಯಾಕವ್ವಾ, ನೀರು ಕುಡಿಯಂಗಿಲ್ಲೇನು?’ ಎಂದರೆ, ‘ಮನಿಗೆ ಹೋಗಿ ಕುಡೀತೇನ್ರಿ ಅಕ್ಕೋರ’ ಎಂದಳು. ನಾಲ್ಕನೆಯ ಸಲ ಕೇಳಿದಾಗ, ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಕಾರಣ ಹೇಳಿದಳು. ಶಾಲೆಯ ಮುಂಬಾಗಿಲಿಗೆ ರ‍್ಯಾಂಪ್ ಇತ್ತು, ಬಣ್ಣ ಬಳಿದು ಅದರ ಫೋಟೊವನ್ನೂ ಮೇಲಿನವರಿಗೆ ಕಳಿಸಲಾಗಿತ್ತು. ಹಿಂದಿನ ಶೌಚಾಲಯಕ್ಕೆ ಎರಡು ಮೆಟ್ಟಿಲು, ಎರಡಡಿ ಅಗಲದ, ಒಳಕ್ಕೆ ತೆರೆಯುವ ಬಾಗಿಲು. ಅವಳು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಐದರವರೆಗೆ ನೀರು ಮುಟ್ಟದೆ ಇರುವುದನ್ನು ತಾನೇ ರೂಢಿಸಿಕೊಂಡಿದ್ದಳು. ಎಸ್‌ಡಿಎಂಸಿಯವರಿಗೆ, ಅಂದರೆ ಶಾಲಾಭಿವೃದ್ಧಿ ಸಮಿತಿಯವರಿಗೆ ವಿಷಯ ತಿಳಿಸಿದಾಗ ಅವರಲ್ಲೊಬ್ಬರು ತಾವೇ ಗೌಂಡಿಯನ್ನು ಕರೆತಂದರು. ಗಾಲಿಕುರ್ಚಿಗೆ ಬಾಗಿಲು ಕನಿಷ್ಠ 90 ಸೆಂಟಿಮೀಟರ್, ಅಂದರೆ ಸುಮಾರು ಮೂರಡಿ ಬೇಕು, ಹೊರಕ್ಕೆ ತೆರೆಯಬೇಕು, ಒಳಗೆ ಹಿಡಿದುಕೊಳ್ಳಲು ಗೋಡೆಗೆ ಪೈಪು ಬೇಕು; ರ‍್ಯಾಂಪಿಗೆ ಒಂದಡಿ ಎತ್ತರಕ್ಕೆ 12 ಅಡಿ ಉದ್ದ. ಇದಕ್ಕಿಂತ ಕಡಿದಾಗಿ ಕಟ್ಟಿದರೆ ಅದು ಫೋಟೊಗೆ ಮಾತ್ರ ರ‍್ಯಾಂಪ್. ಕೆಲಸ ನಾಲ್ಕು ದಿನಕ್ಕೆ ಮುಗಿಯಿತು. ಆ ಹುಡುಗಿ ಎರಡು ವರ್ಷ ಬಾಯಾರಿಕೊಂಡಿದ್ದಳು.

ನಿಮ್ಮಲ್ಲಿ ಹುಬ್ಬಳ್ಳಿಯಿಂದ ದಿನವೂ ಚಿಗರಿ ಬಸ್ಸಿನಲ್ಲಿ ಬರುವವರಿದ್ದೀರಿ. ಬಸ್ಸಿನ ನೆಲ, ನಿಲ್ದಾಣದ ಕಟ್ಟೆ ಎರಡೂ ಒಂದೇ ಎತ್ತರದಲ್ಲಿರುವುದರಿಂದ ಗಾಲಿಕುರ್ಚಿಯವರು ನೇರವಾಗಿ ಒಳಗೆ ಹೋಗಬಹುದು. ಆದರೆ ಅದರಿಂದ ದಿನವೂ ಸುಖಪಡುವವರು ಮೊಣಕಾಲು ನೋವಿನ ಅಜ್ಜಿಯರು, ಕೂಸನ್ನು ಎತ್ತಿಕೊಂಡ ತಾಯಂದಿರು, ಚೀಲ ಹೊತ್ತವರು. ಅಂಗವಿಕಲರಿಗಾಗಿ ಮಾಡಿದ ಅನುಕೂಲ ಉಳಿದವರ ಪಾಲನ್ನು ಕಸಿಯುತ್ತದೆ ಎಂಬ ಅಳುಕು ಯಾರಿಗಾದರೂ ಇದ್ದರೆ ಅವರು ಒಮ್ಮೆ ಆ ನಿಲ್ದಾಣಗಳಲ್ಲಿ ಹತ್ತು ನಿಮಿಷ ನಿಂತು ನೋಡಬೇಕು.

ಕರೆಯುವ ಹೆಸರಿನ ಬಗ್ಗೆ ಬಹಳ ಚರ್ಚೆ ನಡೆಯುತ್ತದೆ. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ, ಒಬ್ಬೊಬ್ಬರಿಗೆ ಒಂದೊಂದು ಸರಿಯೆನಿಸುತ್ತದೆ. ಚೇತನಕ್ಕೆಲ್ಲಿಯ ವೈಕಲ್ಯ ಎಂದು ಕೇಳುವವರ ಮಾತೂ ನನಗೆ ಒಪ್ಪಿತವೇ. ತರಗತಿಯಲ್ಲಿ ಮಾತ್ರ ಈ ಯಾವ ಪದವೂ ಬೇಕಾಗುವುದಿಲ್ಲ, ಮಗುವಿಗೆ ಅಪ್ಪ ಅವ್ವ ಇಟ್ಟ ಹೆಸರಿದೆ. ‘ಕುಂಟ್ಯಾ’, ‘ಮೂಕಿ’ ಎಂಬ ಅಡ್ಡಹೆಸರುಗಳು ಹುಡುಗರ ಬಾಯಿಂದ ಬಂದಾಗ ನಕ್ಕು ಸುಮ್ಮನಿರುವ ಶಿಕ್ಷಕರು ಅದಕ್ಕೆ ಒಪ್ಪಿಗೆ ಕೊಟ್ಟಂತೆ. ನಾಲ್ಕು ಜನರೆದುರು ಅಂಗವಿಕಲ ವ್ಯಕ್ತಿಯನ್ನು ಉದ್ದೇಶಪೂರ್ವಕವಾಗಿ ಅವಮಾನಿಸುವುದು ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸಕ್ಕೆ ಗುರಿಮಾಡುವ ಅಪರಾಧವೆಂದು 2016ರ ಕಾಯ್ದೆಯ 92ನೆಯ ಕಲಮು ಹೇಳುತ್ತದೆಂಬುದು ದೊಡ್ಡವರಾದ ನಮಗಾದರೂ ಗೊತ್ತಿರಬೇಕು. ಇನ್ನು ಸಹಾಯ. ಕೇಳದೆ ಯಾರ ಗಾಲಿಕುರ್ಚಿಯನ್ನೂ ತಳ್ಳಬೇಡಿ. ಅದು ಅವರ ದೇಹದ ಭಾಗವಿದ್ದಂತೆ. ಅಂಧ ವಿದ್ಯಾರ್ಥಿಯ ಕೈ ಹಿಡಿದು ಎಳೆಯಬೇಡಿ, ನಿಮ್ಮ ಮೊಣಕೈಯನ್ನು ಅವರಿಗೆ ಕೊಡಿ, ಅವರು ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ‘ಏನು ಮಾಡಲಿ?’ ಎಂದು ಕೇಳಿದಾಗ ‘ಏನೂ ಬ್ಯಾಡ್ರಿ’ ಎಂಬ ಉತ್ತರ ಬಂದರೆ ಬೇಸರ ಪಟ್ಟುಕೊಳ್ಳಬೇಡಿ.

ಕಾಗದಪತ್ರದ ಕೆಲಸ ನಿಮ್ಮೊಬ್ಬರದೇ ಅಲ್ಲ. ಬಿಆರ್‌ಸಿಯಲ್ಲಿ ಸಂಪನ್ಮೂಲ ಶಿಕ್ಷಕರಿದ್ದಾರೆ, ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರಲ್ಲಿ ಬಹಳಷ್ಟು ಜನ ಸ್ವತಃ ಅಂಗವಿಕಲರು. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಬಸ್ ಪಾಸು, ವಿದ್ಯಾರ್ಥಿವೇತನದ ದಾರಿ ಅವರಿಗೆ ಗೊತ್ತು. ಅವರ ಫೋನ್ ನಂಬರನ್ನು ಕೆಲಸಕ್ಕೆ ಸೇರಿದ ಮೊದಲ ವಾರವೇ ಬರೆದಿಟ್ಟುಕೊಳ್ಳಿ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು, 60 ಮಕ್ಕಳ ತರಗತಿಯಲ್ಲಿ, ಪಾಠ ಮುಗಿಸುವ ಅವಸರದಲ್ಲಿ, ಒಬ್ಬರಿಗಾಗಿ ಇಷ್ಟು ಸಮಯ ಎಲ್ಲಿಂದ ತರುವುದು ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ದಾರದ ನಕಾಶೆ ಮಾಡಲು ನನಗೆ ಎರಡು ಭಾನುವಾರ ಹಿಡಿದವು, ಅದನ್ನು ಒಂಬತ್ತು ವರ್ಷ ಬಳಸಿದೆ. ಹಲಗೆಯಿಂದ ತಿರುಗಿ ಮಾತನಾಡಲು, ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಹೆಚ್ಚಿನ ಸಮಯವೇ ಬೇಡ. ಕೆಲವು ಕೆಲಸಗಳಿಗೆ ನಿಜವಾಗಿಯೂ ಸಮಯ ಬೇಕು, ಅದಕ್ಕೆ ಇನ್ನೂ ಶಿಕ್ಷಕರು ಬೇಕು, ಆ ಬೇಡಿಕೆಯನ್ನು ನಾವು ಸಂಘದ ಸಭೆಗಳಲ್ಲಿ ಸಂಬಳದ ಬೇಡಿಕೆಯಷ್ಟೇ ಗಟ್ಟಿಯಾಗಿ ಇಡಬೇಕು ಎಂದೆ. ಅವಳು ತಲೆಯಾಡಿಸಿದಳು, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಚಹಾ ಕುಡಿಯುವಾಗ ಇಬ್ಬರು ವಿದ್ಯಾರ್ಥಿಗಳು ಎಲ್ಲಿಂದಲೋ ಒಂದು ಅಳತೆಯ ಟೇಪು ತಂದು ನಾವು ಕುಳಿತಿದ್ದ ಸಭಾಂಗಣದ ಮುಂದಿನ ಮೆಟ್ಟಿಲುಗಳನ್ನು ಅಳೆಯತೊಡಗಿದರು. ಮೂರು ಮೆಟ್ಟಿಲು, ಒಂದೊಂದು ಆರು ಇಂಚು, ಒಟ್ಟು ಒಂದೂವರೆ ಅಡಿ. ರ‍್ಯಾಂಪಿಗೆ 18 ಅಡಿ ಬೇಕು. ಟೇಪನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿ ನೋಡಿದರು. 18 ಅಡಿ ಜಾಗ ಇತ್ತು, ಅಲ್ಲಿ ಅಧ್ಯಾಪಕರ ಬೈಕುಗಳು ನಿಂತಿದ್ದವು.